ಬಾಹ್ಯಾಕಾಶ ಭದ್ರತೆಯ ನೆಲದ ನೆಲೆಗಳು: ದಾವಣಗೆರೆ–ಹರಿಹರದ ಹಿನ್ನೆಲೆಯಲ್ಲಿ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹರಿಹರ ದಾಟಿ ದಾವಣಗೆರೆಯತ್ತ ಸಾಗುವ ಬಸ್ಸಿನ ಟ್ರ್ಯಾಕಿಂಗ್ ಸಾಧನಕ್ಕೆ ತಾನಿರುವ ಜಾಗ ತಿಳಿಯಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಗಬೇಕು. ಸಂಕೇತ ಹೊರಟ ಮತ್ತು ತಲುಪಿದ ಸಮಯದಿಂದಲೇ ಅದು ದೂರವನ್ನು ಲೆಕ್ಕ ಹಾಕುತ್ತದೆ. ಉಪಗ್ರಹದ ಗಡಿಯಾರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಮೊಬೈಲ್ ಟವರ್‌ಗಳೂ ವಿದ್ಯುತ್ ಜಾಲದ ಮಾಪಕಗಳೂ ಇಂಥದೇ ಸಮಯವನ್ನು ನೆಚ್ಚಿಕೊಂಡಿವೆ. ಹೀಗಿದ್ದರೂ ಬಾಹ್ಯಾಕಾಶ ಭದ್ರತೆಯೆಂದರೆ ನಮ್ಮ ಚರ್ಚೆ ಕ್ಷಿಪಣಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಎದುರಾಳಿಯ ಉಪಗ್ರಹವನ್ನು ಕೆಡವುವ ಸಾಮರ್ಥ್ಯಕ್ಕಿಂತ, ನಮ್ಮ ಊರುಗಳಿಗೆ ಬರುವ ಸಂಕೇತ ಕಡಿಯದಂತೆ ಕಾಯುವ ಸಾಮರ್ಥ್ಯದಿಂದ ಭದ್ರತೆಯನ್ನು ಅಳೆಯಬೇಕೆಂಬುದು ಇಲ್ಲಿನ ವಾದ.

ಹೊಡೆಯುವ ಶಕ್ತಿ ಇದ್ದರೆ ತಾನೇ ಎದುರಾಳಿ ಹಿಂಜರಿಯುವುದು ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 2007ರಲ್ಲಿ ಚೀನಾ ತನ್ನದೇ ಹವಾಮಾನ ಉಪಗ್ರಹವನ್ನು ಒಡೆದು ತೋರಿಸಿದ ಮೇಲೆ ಭಾರತ ಕೈಕಟ್ಟಿ ಕೂರುವುದು ಸಾಧ್ಯವಿರಲಿಲ್ಲ. 2019ರ ಮಾರ್ಚ್ 27ರಂದು ಭಾರತ ತನ್ನದೇ ಉಪಗ್ರಹವನ್ನು ಕ್ಷಿಪಣಿಯಿಂದ ಒಡೆದ ಮಿಷನ್ ಶಕ್ತಿ ಪ್ರಯೋಗಕ್ಕೆ ಆ ಮಟ್ಟಿಗೆ ಸಮರ್ಥನೆಯಿದೆ. ಆದರೆ ಚೀನಾದ ಪ್ರಯೋಗದಿಂದ ಸಿಡಿದ 3,000ಕ್ಕೂ ಹೆಚ್ಚು ಚೂರುಗಳು ಎಲ್ಲ ದೇಶಗಳ ಉಪಗ್ರಹಗಳಿಗೂ, ಚೀನಾದವಕ್ಕೂ, ಅಪಾಯ ತಂದವು. ಚೂರುಗಳು ಬೇಗ ಕೆಳಗಿಳಿಯಲೆಂದೇ ಭಾರತ 300 ಕಿ.ಮೀ.ಗಿಂತ ಕೆಳಗಿನ ಗುರಿ ಆರಿಸಿಕೊಂಡಿತು. ಉಪಗ್ರಹ ಒಡೆಯುವ ಕ್ಷಿಪಣಿ ಬಳಸಿದವನಿಗೇ ತಿರುಗಿಬೀಳುವ ಆಯುಧ. ಅದಕ್ಕಿಂತ ಮುಖ್ಯವಾದದ್ದು 2022ರ ಫೆಬ್ರುವರಿ 24ರ ಘಟನೆ. ಉಕ್ರೇನ್ ಮೇಲೆ ರಷ್ಯಾ ದಂಡೆತ್ತಿದ ದಿನ ವಯಾಸ್ಯಾಟ್ ಕಂಪನಿಯ ಉಪಗ್ರಹ ಜಾಲಕ್ಕೆ ನೆಲದ ಕಡೆಯಿಂದ ಸೈಬರ್ ದಾಳಿಯಾಯಿತು. ಉಪಗ್ರಹಕ್ಕೆ ಏನೂ ಆಗಲಿಲ್ಲ. ಸಾವಿರಾರು ಮೋಡೆಮ್‌ಗಳು ಕೆಟ್ಟು ದೂರದ ಜರ್ಮನಿಯ ಸುಮಾರು 5,800 ಗಾಳಿಯಂತ್ರಗಳ ದೂರನಿಯಂತ್ರಣ ತಪ್ಪಿತು. ಇಂಥ ದಾಳಿಗೆ ಕ್ಷಿಪಣಿಯಲ್ಲಿ ಉತ್ತರವಿಲ್ಲ. ಕಕ್ಷೆಯಲ್ಲಿ ಅಣ್ವಸ್ತ್ರ ಇಡಬಾರದೆನ್ನುವ 1967ರ ಒಪ್ಪಂದವೂ ಸಂಕೇತ ಕೆಡಿಸುವುದನ್ನು ಹೆಸರಿಸಿ ನಿಷೇಧಿಸಿಲ್ಲ.

ಸ್ಥಳ ಮತ್ತು ಸಮಯ ತಿಳಿಸುವ ನಮ್ಮದೇ ಉಪಗ್ರಹ ಜಾಲವಾದ ನಾವಿಕ್ ವ್ಯವಸ್ಥೆಯನ್ನು ಕುಂಟಿಸಲು ಶತ್ರುವೂ ಬೇಕಾಗಲಿಲ್ಲ. 2016ರಲ್ಲಿ ಅದರ ಮೊದಲ ಉಪಗ್ರಹದ ಮೂರೂ ರುಬಿಡಿಯಂ ಪರಮಾಣು ಗಡಿಯಾರಗಳು ಕೈಕೊಟ್ಟವು. ಮೂರೂ ಆಮದು ಮಾಡಿಕೊಂಡವುಗಳೇ. ದೇಶೀ ಗಡಿಯಾರ ಹೊತ್ತ ನಾವಿಕ್ ಉಪಗ್ರಹ ಎನ್‌ವಿಎಸ್-01 ಹಾರಿದ್ದು 2023ರ ಮೇ 29ರಂದು. 2025ರ ಜನವರಿಯಲ್ಲಿ ಹಾರಿದ ಎನ್‌ವಿಎಸ್-02 ಉದ್ದೇಶಿತ ಕಕ್ಷೆ ತಲುಪಲೇ ಇಲ್ಲ. ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ, ಉಪಗ್ರಹಗಳ ಜಾಡು ಹಿಡಿಯುವ ಬೆಂಗಳೂರಿನ ಇಸ್ಟ್ರಾಕ್ ಎಷ್ಟೇ ದಕ್ಷವಾಗಿದ್ದರೂ ಉಪಗ್ರಹವೊಂದನ್ನೇ ನೆಚ್ಚಿದ ಊರು ಅಭದ್ರವೇ. ಇದಕ್ಕೆ ಪರಿಹಾರ ನೆಲದಲ್ಲೇ ಇದೆ: ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ಇಸ್ರೋ ಸಹಕಾರದಲ್ಲಿ ನೆಲದಿಂದಲೇ ನಿಖರ ಸಮಯ ಹಂಚಲು ಆರಿಸಿದ ಐದು ಕೇಂದ್ರಗಳಲ್ಲಿ ಬೆಂಗಳೂರೂ ಒಂದು. 2016ರ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿಯಾಗಿ ಆಯ್ಕೆಯಾದ ದಾವಣಗೆರೆಗೂ, ಪಕ್ಕದ ಹರಿಹರಕ್ಕೂ ಆ ಸಮಯ ಫೈಬರ್ ತಂತಿಯಲ್ಲಿ ಬರಬೇಕು. ಬಾಹ್ಯಾಕಾಶ ಭದ್ರತೆಗೆ ತೆಗೆದಿಡುವ ಹಣದಲ್ಲಿ ಮೊದಲ ಪಾಲು ಈ ಕೆಲಸಕ್ಕೆ ಸಲ್ಲಲಿ.