ಹಸಿ ಬಾಡು ತಿನ್ನೋ ಅಳಿಯ, ಮೂರು ಗಂಟೆ ಬೇಯಿಸ್ತಿದ್ದ ಅಜ್ಜಿ

ಹೋದ ಭಾನುವಾರ ರಾತ್ರಿ ಅಕ್ಕನ ಮಗ ವಿಡಿಯೋ ಕಾಲ್ ಮಾಡಿದ್ದ. ಜರ್ಮನಿಗೆ ಹೋಗಿ ಮೂರು ವರ್ಷ ಆಯ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಹುಟ್ಟಿ, ಬೆಳಗಿನ ಜಾವ ಮಾರಿಕುಪ್ಪಂ ರೈಲಲ್ಲಿ ನಿಂತ್ಕೊಂಡೇ ಬೆಂಗಳೂರಿಗೆ ಹೋಗಿ ಬಂದು ಇಂಜಿನಿಯರಿಂಗ್ ಓದಿದ ಹುಡುಗ. ಅವನ ಮುಂದೆ ಒಂದು ತಟ್ಟೆ. ತಟ್ಟೆಯಲ್ಲಿ ಸಣ್ಣಗೆ ಕೊಚ್ಚಿದ ದನದ ಬಾಡು, ಕೆಂಪಗೆ, ಹಸಿಹಸಿ. ಮೇಲೆ ಒಡೆದು ಹಾಕಿದ ಹಸಿ ಮೊಟ್ಟೆ. ಉಪ್ಪು ಬಿಟ್ರೆ ಇನ್ನೇನಿಲ್ಲ. ಆರು ತಿಂಗಳಿಂದ ಇದೇ ಊಟ ಅಂತೆ. ಬೆಳಿಗ್ಗೆ ಎದ್ದು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೀತಾನೆ, ತಣ್ಣೀರು ಸ್ನಾನ ಮಾಡ್ತಾನೆ, ಸೋಪು ಶಾಂಪೂ ಬಿಟ್ಟಿದ್ದಾನೆ.

"ಮಾಮ, ಇದು ನ್ಯಾಚುರಲ್ ಲೈಫು. ನಮ್ಮ ಪೂರ್ವಜರು ಹೀಗೇ ತಿಂತಿದ್ರು" ಅಂದ.

"ಯಾವ ಪೂರ್ವಜರೋ?" ಅಂದೆ. ನಕ್ಕು ಸುಮ್ನಾದ.

ಅವನನ್ನ ಆಡ್ಕೊಳ್ಳೋಕೆ ಇದನ್ನ ಬರೀತಿಲ್ಲ. ಅವನ ತಟ್ಟೆ, ಅವನ ಹೊಟ್ಟೆ. ಆದ್ರೆ ‘ಪೂರ್ವಜರು’ ಅನ್ನೋ ಮಾತು ತಲೇಲಿ ಕೂತುಬಿಡ್ತು. ಅವನ ಕಣ್ಣ ಮುಂದೆ ಇದ್ದೋರು ಯೂಟ್ಯೂಬಿನ ಗುಹೆ ಮನುಷ್ಯರು, ಈಟಿ ಹಿಡಿದೋರು. ನನ್ನ ಕಣ್ಣ ಮುಂದೆ ಬಂದಿದ್ದು ನಮ್ಮಪ್ಪನ ಅವ್ವ. ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ, ಮೂರು ಕಲ್ಲಿನ ಒಲೆ ಮುಂದೆ ಕೂತು, ದನದ ಬಾಡನ್ನ ಮೂರು ಗಂಟೆ ಬೇಯಿಸ್ತಿದ್ದ ಅಜ್ಜಿ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ ಗೆಳೆಯರೇ, ಟೀ ಇಟ್ಕೊಂಡು ಓದಿ.

ಮೊದಲು ಹಳ್ಳಿ ಕಥೆ. ಊರಲ್ಲಿ ದನ ಸತ್ರೆ ಹೊತ್ತು ಸಾಗಿಸೋದು ನಮ್ಮೋರ ಕೆಲಸ. ಅದಕ್ಕೆ ಕೂಲಿ ಇಲ್ಲ. ಚರ್ಮ ಮತ್ತು ಬಾಡೇ ಕೂಲಿ. ಊರಿನೋರು ಇದನ್ನ ‘ನಿಮ್ಮ ಹಕ್ಕು’ ಅಂತಿದ್ರು, ಕೇಳಿ. ಉತ್ತು ಉತ್ತು ಸವೆದು, ಕಾಯಿಲೆ ಬಿದ್ದು ಸತ್ತ ಮುದಿ ಎತ್ತಿನ ಬಾಡು ಅದು, ಬರೀ ನಾರು. ಅದನ್ನ ಹಸಿಯಾಗಿ ಯಾವನು ತಿಂತಾನೆ? ಅಜ್ಜಿ ಮೊದಲು ನೋಡ್ತಿದ್ದಿದ್ದು ಸತ್ತ ದನದ ಮೂಗು, ಬಾಯಿ, ಹಿಂಭಾಗ. ಕಪ್ಪು ರಕ್ತ ಸೋರಿದ್ರೆ "ನೆರಡಿ ಐತೆ, ಮುಟ್ಬೇಡ್ರೋ" ಅಂತ ಗಂಡಸರನ್ನೇ ಗದರಿಸಿ, ಚರ್ಮ ಕೂಡ ಬಿಡಿಸದಂತೆ ಆಳವಾಗಿ ಹೂಳಿಸೋಳು. ನೆರಡಿ ಅಂದ್ರೆ ಆಂಥ್ರಾಕ್ಸ್. ಆ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಯಾವುದು ಅಂತ ರಾಬರ್ಟ್ ಕಾಕ್ 1876ರಲ್ಲಿ ತೋರಿಸಿಕೊಟ್ಟ, ನಮ್ಮ ಹುಡುಗ ಈಗಿರೋ ಅದೇ ಜರ್ಮನಿಯೋನು. ಅಜ್ಜಿ ಕಾಕ್‌ನ ಹೆಸರು ಕೇಳಿರ್ಲಿಲ್ಲ. ಕೇರಿಯಲ್ಲಿ ಎಷ್ಟು ಜನ ತಿಂದು ಸತ್ತ ಮೇಲೆ ಈ ಪಾಠ ಕಲಿತ್ರೋ, ಅದನ್ನ ಯಾರೂ ಬರೆದಿಟ್ಟಿಲ್ಲ.

ತಿನ್ನಬಹುದು ಅಂತಾದ ಮೇಲೆ ಪಾಲು. ಎಲ್ಲ ಮನೆಗೂ ಪಾಲು, ಗಂಡ ಸತ್ತ ಹೆಂಗಸಿನ ಮನೆಗೂ. ಅವತ್ತಿಗೆ ಬೇಕಾದಷ್ಟು ಒಲೆ ಮೇಲೆ. ಉಳಿದಿದ್ದು ಉಪ್ಪುಕಂಡಕ್ಕೆ. ಬಾಡನ್ನ ಉದ್ದುದ್ದ ಪಟ್ಟಿ ಕೊಯ್ದು, ಉಪ್ಪು ಅರಿಶಿನ ತಿಕ್ಕಿ, ಹಗ್ಗಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟೋದು. ಕೋಲು ಹಿಡ್ಕೊಂಡು ಕಾಗೆ ಓಡಿಸೋದು ಮಕ್ಕಳ ಕೆಲಸ. ನಾನೂ ಓಡಿಸಿದೀನಿ. ಒಣಗಿ ಕಟ್ಟಿಗೆ ಥರ ಆದ ಮೇಲೆ ಮಡಕೇಲಿ ಹಾಕಿ ಬಾಯಿ ಕಟ್ಟಿಡೋರು. ಮಳೆಗಾಲದಲ್ಲಿ ಕೂಲಿ ಇಲ್ಲದ ದಿನ ಅದನ್ನ ತೆಗೆದು ಕೆಂಡದಲ್ಲಿ ಸುಟ್ಟು, ಜಜ್ಜಿ, ಹುರುಳಿ ಸಾರಿಗೆ ಹಾಕಿದ್ರೆ ರಾಗಿ ಮುದ್ದೆ ತಾನಾಗೇ ಇಳಿಯೋದು. ಕೊಬ್ಬು ಕರಗಿಸಿಟ್ಟಿದ್ದೇ ಅಡುಗೆ ಎಣ್ಣೆ. ಊರಿಗೆ ಹೋಗೋ ದಾರಿ ನಮ್ಮ ಕೇರಿ ಪಕ್ಕಾನೇ ಇತ್ತು. ಉಪ್ಪುಕಂಡ ಕಟ್ಟಿದ ದಿನ ಆ ದಾರೀಲಿ ಹೋಗೋರು ಮೂಗಿಗೆ ಟವೆಲ್ ಹಿಡಿಯೋರು. ಅದೇ ಎತ್ತಿನ ಮೇಲೆ ಹತ್ತು ವರ್ಷ ನೇಗಿಲು ಕಟ್ಟಿದೋರು ಅವರು.

ಅಮ್ಮನ ಕಡೆ ಕಥೆ ಬೇರೆ. ಅವರು ಗಣಿಯೋರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ನೆಲ ಅಗೆಯೋಕೆ ನಿಂತಾಗ ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಯಿಂದ ಬಂದ ಆದಿದ್ರಾವಿಡ ಜನರೇ ನೆಲದೊಳಗೆ ಇಳಿದೋರಲ್ಲಿ ಬಹುಪಾಲು. ಬ್ರಿಟಿಷರ ಮದ್ರಾಸ್ ಬಿಟ್ಟು ಮಹಾರಾಜರ ಮೈಸೂರಿಗೆ ಬರೋದು ಅವರಿಗೆ ಪರದೇಶಕ್ಕೆ ಹೋದ ಹಾಗೇ. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂಗೆ ರೈಲು ಬಂತು. (ಬೌರಿಂಗ್‌ಪೇಟೆ ಅಂದ್ರೆ ಇವತ್ತಿನ ಬಂಗಾರಪೇಟೆ. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರು. ಈಗ ಆ ಊರು ನೀರಿನಷ್ಟೇ ತಿಳಿಯಾದ ಪಾನಿಯ ಪಾನಿಪುರಿಗೆ ಫೇಮಸ್ಸು. ಬೇರೆ ರುಚಿಗಳ ಹೆಸರು ಯಾವ ಫುಡ್ ವ್ಲಾಗರೂ ಎತ್ತಲ್ಲ.) 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟು ಬಂತು, ಕೂಲಿಗಳ ತಟ್ಟಿ ಮನೆಗಳಿಗೆ ಬರಲಿಲ್ಲ. ಅಳಿಯ ಹೇಳೋ ನ್ಯಾಚುರಲ್ ಲೈಫು ಅಲ್ಲಿ ಬೇಕಾದಷ್ಟಿತ್ತು: ಮಣ್ಣಿನ ನೆಲ, ಬರಿಗಾಲು, ತಣ್ಣೀರು.

ಆದ್ರೆ ಗಣಿಯಲ್ಲಿ ಒಂದು ದೊಡ್ಡ ಬದಲಾವಣೆ ಆಯ್ತು. ನಮ್ಮ ಚರಿತ್ರೆ ಬರೆಯೋರು ಇದನ್ನ ಗಮನಿಸಿಲ್ಲ ಅಂತ ನನ್ನ ಬೇಜಾರು. ಸಂಬಳದ ದಿನ ಅಂಗಡಿಗೆ ಹೋಗಿ, ದುಡ್ಡು ಕೊಟ್ಟು, "ಈ ಕಡೆದು ಹಾಕಪ್ಪ, ಮೂಳೆ ಕಮ್ಮಿ ಇರ್ಲಿ" ಅಂತ ತೂಕ ಹಾಕಿಸಿ ತಂದ ಬಾಡು. ಯಾರೂ ಎಸೆದಿದ್ದಲ್ಲ, ಯಾರ ಎತ್ತೂ ಸಾಯೋ ತನಕ ಕಾಯಬೇಕಾಗಿರ್ಲಿಲ್ಲ. ನಮ್ಮಮ್ಮ ಮದುವೆಯಾಗಿ ಹಳ್ಳಿಗೆ ಬಂದಾಗ ಸತ್ತ ದನದ ಬಾಡು ಮುಟ್ಟಲ್ಲ ಅಂದಳಂತೆ. ಅತ್ತೆ ಸೊಸೆ ಜಗಳ ಅಲ್ಲಿಂದ್ಲೇ ಶುರು. ಇಬ್ಬರೂ ದನ ತಿನ್ನೋರೇ, ಮಧ್ಯೆ ಇದ್ದಿದ್ದು ಸಂಬಳ.

ಅಮ್ಮನ ಚಿಕ್ಕಪ್ಪ ಒಬ್ಬರು ದೊರೆಗಳ ಬಂಗಲೆಯಲ್ಲಿ ಅಡುಗೆ ಮಾಡ್ತಿದ್ರು. ದೊರೆಗೆ ಸ್ಟೇಕ್ ಹೇಗಿರ್ಬೇಕಂದ್ರೆ ಚಾಕು ಹಾಕಿದ್ರೆ ರಕ್ತ ಬರ್ಬೇಕು. "ಬೇಯಿಸದೇ ಇರೋದಕ್ಕೆ ನನಗೆ ಸಂಬಳ" ಅಂತ ಅವರು ನಗಿಸ್ತಿದ್ರು. ಬಂಗಲೆಯಲ್ಲಿ ಅರೆಬೆಂದ ದನ ತಿಂದ ದೊರೆ ಕ್ಲಬ್ಬಿಗೆ ಹೋಗಿ ಕೂರ್ತಿದ್ದ, ಜೊತೆಗೆ ಕೂರೋಕೆ ಮೇಲ್ಜಾತಿ ಅಧಿಕಾರಿಗಳೂ ಕಾತರಿಸ್ತಿದ್ರು. ಅದೇ ದನಾನ ಚೆನ್ನಾಗಿ ಬೇಯಿಸಿ ತಿಂದ ಅಡುಗೆಯೋರನ್ನ ಆ ಅಧಿಕಾರಿಗಳ ಮನೆ ಜಗುಲಿಗೂ ಸೇರಿಸ್ತಿರ್ಲಿಲ್ಲ.

ತಾತ, ಅಂದ್ರೆ ಅಮ್ಮನ ಅಪ್ಪ, ಚಾಂಪಿಯನ್ ರೀಫ್‌ನಲ್ಲಿ ಇಳೀತಿದ್ದೋರು. ಮೂರು ಕಿಲೋಮೀಟರ್‌ಗಿಂತ ಆಳ ಹೋದ ಗಣಿ ಅದು. ಕೆಳಗಿನ ಬಂಡೆ ಮುಟ್ಟಿದ್ರೆ ಸುಡ್ತಿತ್ತು. ಬೆಳಗಿನ ಪಾಳಿಗೆ ಮುಂಚೆ ಕಾಲು ಸೂಪು ಕುಡೀಲೇಬೇಕು ಅವರಿಗೆ. ರಾತ್ರಿಯೆಲ್ಲಾ ಕೆಂಡದ ಮೇಲೆ ಬೆಂದಿದ್ದು. ಎದೆಯ ಧೂಳು ಕೊಚ್ಕೊಂಡು ಹೋಗುತ್ತೆ ಅನ್ನೋ ನಂಬಿಕೆ. ಹೋಗಲ್ಲ. ಸಿಲಿಕಾ ಧೂಳು ಒಮ್ಮೆ ಶ್ವಾಸಕೋಶದಲ್ಲಿ ಗಾಯ ಮಾಡಿದ್ರೆ ಯಾವ ಸೂಪೂ ಅದನ್ನ ವಾಸಿ ಮಾಡಲ್ಲ. ತಾತ ಕೆಮ್ಮಿ ಕೆಮ್ಮಿ ಹೋದ್ರು. ಊಟವೇ ಎಲ್ಲಾ ರೋಗಕ್ಕೂ ಮದ್ದು ಅಂತ ಯಾರಾದ್ರೂ ಹೇಳಿದ್ರೆ ನನಗೆ ಸಿಟ್ಟು ಬರೋದು ಇದಕ್ಕೇ. ಅಳಿಯನಿಗೂ ಹೇಳ್ದೆ. ಗಣಿಯನ್ನ 2001ರ ಫೆಬ್ರವರಿ 28ರಂದು ಮುಚ್ಚಿದ್ರು. ಧೂಳಿನ ದಿಬ್ಬ ಇನ್ನೂ ಇದೆ.

ಈಗ ‘ಹಸಿ’ ಅನ್ನೋ ಮಾತಿಗೆ ಬರೋಣ. ಹಸಿ ಬಾಡು ತಿನ್ನೋರು ಅನ್ನೋದು ಹಳೇ ಬೈಗುಳ. ಸಂಸ್ಕೃತದಲ್ಲಿ ‘ಕ್ರವ್ಯಾದ’ ಅಂದ್ರೆ ಹಸಿ ಮಾಂಸ ತಿನ್ನೋನು. ರಾಕ್ಷಸರಿಗೆ, ಕಾಡುಮೃಗಗಳಿಗೆ, ಹೆಣ ಸುಡೋ ಬೆಂಕಿಗೆ ಬಳಸಿದ ಪದ. ಚಂಡಾಲರಿಗೆ ‘ಶ್ವಪಚ’, ನಾಯಿ ಬೇಯಿಸೋನು. ತಿನ್ನೋದನ್ನ ಹಿಡ್ಕೊಂಡು ಜನಕ್ಕೆ ಹೆಸರಿಡೋದು ನಮ್ಮಲ್ಲಿ ಮಾತ್ರ ಅಲ್ಲ. ಉತ್ತರ ಧ್ರುವದ ಕಡೆಯ ಇನುಯಿಟ್ ಜನರನ್ನ ಹೊರಗಿನೋರು ‘ಎಸ್ಕಿಮೋ’ ಅಂದ್ರು. ಅದರರ್ಥ ‘ಹಸಿ ಮಾಂಸ ತಿನ್ನೋರು’ ಅಂತ ಬಹಳ ಕಾಲ ನಂಬಿದ್ರು. ಆ ವ್ಯುತ್ಪತ್ತಿ ಸರಿಯಲ್ಲ ಅಂತ ಭಾಷಾತಜ್ಞರು ಆಮೇಲೆ ಹೇಳಿದ್ರೂ ಅವಮಾನ ಆಗಿದ್ದು ಆಗಿಹೋಗಿತ್ತು. ಈಗ ಅವರು ಆ ಹೆಸರು ಬೇಡ ಅಂತಾರೆ.

ನಮ್ಮ ಚರಿತ್ರೆಯಲ್ಲಿ ಹಸಿ ರಕ್ತಕ್ಕೆ ಜಾಗ ಇದ್ದಿದ್ದು, ನನಗೆ ಗೊತ್ತಿರೋ ಮಟ್ಟಿಗೆ, ಗ್ರಾಮದೇವತೆ ಜಾತ್ರೆಯಲ್ಲಿ. ಪೋತರಾಜ ಕುರಿಮರಿಯ ಕುತ್ತಿಗೆಯನ್ನ ಹಲ್ಲಿಂದ ಸೀಳೋ ‘ಗಾವು’. ಮದ್ರಾಸಿನ ಬಿಷಪ್ ಆಗಿದ್ದ ಹೆನ್ರಿ ವೈಟ್‌ಹೆಡ್ 1916ರಲ್ಲಿ ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ತಂದ ಪುಸ್ತಕದಲ್ಲಿ ಇಂಥದ್ದನ್ನ ವಿವರಿಸ್ತಾರೆ. ವರ್ಷಕ್ಕೊಂದು ದಿನ, ಊರಿನ ಕೇಡು ಕಳೆಯೋಕೆ, ನಮ್ಮೋನೊಬ್ಬನ ಬಾಯಿಗೆ ರಕ್ತ. ಮಾರನೇ ದಿನ ಅವನು ಮತ್ತೆ ಕೇರಿಗೆ. ಆ ರಕ್ತದ ಬಾಯಿ ನೆನಪಿಟ್ಕೊಂಡ ಊರಿಗೆ ಅಜ್ಜಿಯ ಮೂರು ಗಂಟೆ ಒಲೆ ಮಾತ್ರ ಕಾಣಲೇ ಇಲ್ಲ.

ನಮ್ಮೊಳಗೇ ಈ ಬಗ್ಗೆ ಜಗಳ ಇರ್ಲಿಲ್ವಾ? ಇತ್ತು. ಅಯೋಧ್ಯಾದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. ಅಂಬೇಡ್ಕರ್ ಹುಟ್ಟಿದ್ದು 1891ರಲ್ಲಿ. ಅವರು ಬೌದ್ಧ ಧರ್ಮಕ್ಕೆ ಬರೋದಕ್ಕೆ ದಶಕಗಳ ಮುಂಚೆಯೇ ಗಣಿ ಕಾರ್ಮಿಕರು ಪಂಚಶೀಲ ಹೇಳ್ತಿದ್ರು. ಪಂಡಿತರು ಮದ್ರಾಸಲ್ಲಿ 1907ರಲ್ಲಿ ಶುರು ಮಾಡಿದ ತಮಿಳು ಪತ್ರಿಕೆ, ಅವರು ತೀರಿಕೊಂಡ ಮೇಲೆ ನಮ್ಮ ಕೆಜಿಎಫ್‌ನಿಂದಲೂ ಹೊರಬಂತು. ತಾತನ ಅಣ್ಣ ಆ ಬೌದ್ಧರ ಪೈಕಿ. ಹಿಂಸೆ ಬೇಡ ಅಂತ ಬಾಡು ಬಿಟ್ಟಿದ್ರು. ತಾತನ ಮನೆಗೆ ಬಂದ್ರೆ ಅವರಿಗೆ ಬೇರೆ ಪಾತ್ರೆ. ಜಾತಿಗೆ ಅಂಜಿ ಬಿಟ್ಟಿದ್ದಲ್ಲ, ಬುದ್ಧನ ಮಾತಿಗೆ ಬಿಟ್ಟಿದ್ದು. ಅವರನ್ನ ಕಂಡ್ರೆ ನನಗೆ ಇವತ್ತಿಗೂ ಗೌರವ.

ಬಾಬಾಸಾಹೇಬರು 1927ರ ಮಾರ್ಚಲ್ಲಿ ಮಹಾಡದಲ್ಲಿ ಸತ್ತ ದನದ ಮಾಂಸ ಬಿಡಿ ಅಂದ್ರು. 1948ರ ‘ದಿ ಅನ್‌ಟಚಬಲ್ಸ್’ ಪುಸ್ತಕದಲ್ಲಿ ಒಂದು ಕಾಲಕ್ಕೆ ಬ್ರಾಹ್ಮಣರೂ ಗೋಮಾಂಸ ತಿಂತಿದ್ರು, ಬೌದ್ಧರನ್ನ ಮೀರಿಸೋಕೆ ಬಿಟ್ರು, ಬಿಡದೇ ಉಳಿದ ಬಡವರು ಅಸ್ಪೃಶ್ಯರಾದ್ರು ಅಂತ ವಾದಿಸಿದ್ರು. ಸತ್ತ ದನ ಬಿಟ್ರೆ ನಿಮಗೇ ನಷ್ಟ ಅಂತ ಪತ್ರಿಕೇಲಿ ಲೆಕ್ಕ ಬರೆದೋರಿಗೆ, ಹಾಗಾದ್ರೆ ಆ ಲಾಭ ನೀವೇ ತಗೊಳ್ಳಿ ಅಂತ ಉತ್ತರ ಕೊಟ್ಟಿದ್ದನ್ನ 1956ರ ನಾಗಪುರ ಭಾಷಣದಲ್ಲಿ ನೆನಪಿಸ್ಕೊಂಡ್ರು. ಯಾರೂ ಮುಂದೆ ಬರಲಿಲ್ಲ ಅನ್ನೋದು ಬೇರೆ ಮಾತು.

ಇನ್ನು ಅಳಿಯನ ಗುರುಗಳು. ಅಮೆರಿಕದಲ್ಲಿ ‘ಲಿವರ್ ಕಿಂಗ್’ ಅಂತ ಒಬ್ಬ ಹಸಿ ಲಿವರ್ ತಿಂದೇ ಈ ಮೈಕಟ್ಟು ಬಂತು ಅಂತ ಲಕ್ಷಾಂತರ ಜನರನ್ನ ನಂಬಿಸಿದ್ದ. 2022ರ ಡಿಸೆಂಬರಲ್ಲಿ ಸ್ಟೀರಾಯ್ಡ್ ತಗೊಳ್ತಿದ್ದೆ ಅಂತ ಒಪ್ಕೊಂಡ. ಇನುಯಿಟ್ ಜೊತೆ ವರ್ಷಗಟ್ಟಲೆ ಇದ್ದ ಸ್ಟೆಫಾನ್ಸನ್ ಅನ್ನೋ ಅನ್ವೇಷಕ 1928ರಲ್ಲಿ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಲ್ಲಿ ಬರೀ ಮಾಂಸ ತಿಂದು ಒಂದು ವರ್ಷ ಕಳೆಯೋ ಪ್ರಯೋಗ ಶುರು ಮಾಡಿದ. ಈ ಹಸಿ ಬಾಡಿನೋರು ಅವನ ಹೆಸರು ಹೇಳ್ತಾರೆ, ಅವನು ತಿಂದಿದ್ದು ಬಹುಪಾಲು ಬೇಯಿಸಿದ್ದು ಅನ್ನೋದನ್ನ ಹೇಳಲ್ಲ. ಇನುಯಿಟ್ ಹಸಿ ತಿಂದಿದ್ದಕ್ಕೆ ಕಾರಣ ಇತ್ತು. ಸೌದೆ ಇಲ್ಲ, ತರಕಾರಿ ಬೆಳೆಯಲ್ಲ, ತಿಮಿಂಗಿಲದ ಹಸಿ ಚರ್ಮದಿಂದಲೇ ವಿಟಮಿನ್ ಸಿ. ಸುತ್ತ ಹಿಮ, ಬಾಡು ಕೆಡಲ್ಲ. ಬಂಗಾರಪೇಟೆ ಬೇಸಿಗೆಯಲ್ಲಿ ಬಾಡು ಅರ್ಧ ದಿನ ಹೊರಗಿಟ್ಟು ನೋಡಿ. ನಮ್ಮ ನೆಲದ ನ್ಯಾಚುರಲ್ಲು ಒಲೆ ಮತ್ತು ಉಪ್ಪು. ಲಾಡಿಹುಳ, ಸಾಲ್ಮೊನೆಲ್ಲಾಗೆ ವೀಸಾ ಬೇಕಾಗಿಲ್ಲ, ಜರ್ಮನಿಯಲ್ಲೂ ಬರುತ್ತವೆ.

ಇಷ್ಟೆಲ್ಲಾ ಫೋನಲ್ಲೇ ಹೇಳ್ದೆ. ಸುಮ್ನೆ ಕೇಳಿಸ್ಕೊಂಡ. ಆಮೇಲೆ ಅವನು ಹೇಳಿದ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ.

"ಮಾಮ, ಬೆಂಗಳೂರಲ್ಲಿ ನಾಲ್ಕು ವರ್ಷ ಬಾಡಿಗೆ ಮನೇಲಿದ್ದೆ. ಓನರ್‌ಗೆ ಬೀಫ್ ಅಂತ ಗೊತ್ತಾಗ್ಬಾರ್ದು ಅಂತ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಊದುಬತ್ತಿ ಹಚ್ಚಿ ಕುಕ್ಕರ್ ಇಡ್ತಿದ್ದೆ. ಆದ್ರೂ ಗೊತ್ತಾಯ್ತು, ವಾರದಲ್ಲಿ ಖಾಲಿ ಮಾಡಿಸಿದ್ರು. ಇಲ್ಲಿಗೆ ಬಂದ ಮೇಲೂ ಕುಕ್ಕರ್ ವಿಷಲ್ ಹೊಡೆದ್ರೆ ಎದೆ ಹೊಡ್ಕೊಳ್ಳುತ್ತೆ. ಹಸಿದಾದ್ರೆ ವಾಸನೆ ಬರಲ್ಲ ಅಲ್ವಾ."

ನಗ್ತಾನೇ ಹೇಳಿದ. ಪಕ್ಕದಲ್ಲಿದ್ದ ಅಕ್ಕ ಎದ್ದು ಒಳಗೆ ಹೋದಳು.

ಆ ಹುಡುಗ ಹೋದಾಗ ಇಲ್ಲಿ ಹೊಸ ಕಾನೂನು ಬಂದಾಗಿತ್ತು. 1964ರ ಕಾಯ್ದೆಯಲ್ಲಿ 12 ವರ್ಷ ದಾಟಿದ ಎತ್ತು, ಹೋರಿ, ಎಮ್ಮೆ ಕಡಿಯೋಕೆ ಪ್ರಮಾಣಪತ್ರ ಸಿಗ್ತಿತ್ತು. 2020ರ ಕಾಯ್ದೆ 13 ದಾಟಿದ ಎಮ್ಮೆ ಕೋಣ ಮಾತ್ರ ಬಿಟ್ಟಿತು. ಮೀರಿದ್ರೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ದಂಡ. ತಾತ ಸಂಬಳದ ದಿನ ತಲೆ ಎತ್ಕೊಂಡು ತೂಕ ಹಾಕಿಸಿ ತಂದಿದ್ದನ್ನ ಅವರ ಮರಿಮಕ್ಕಳು ಕಪ್ಪು ಕವರಲ್ಲಿ ಸುತ್ತಿ ತರ್ತಾರೆ.

ಮೂರು ದಿನ ಬಿಟ್ಟು ಅವನೇ ಅಕ್ಕನಿಗೆ ಫೋನ್ ಮಾಡಿದ. ಉಪ್ಪುಕಂಡ ಕಳಿಸ್ತೀಯಾ ಅಂತ. ಯುರೋಪಿಗೆ ಹೊರದೇಶದ ಬಾಡು ಪಾರ್ಸೆಲ್ಲು ಬಿಡಲ್ಲ, ಹಾಗಾಗಿ ಅಲ್ಲೇ ಮಾಡ್ಕೊಳ್ಳೋದು ಹೇಗೆ ಅಂತ ಅಕ್ಕ ಹೇಳಿಕೊಟ್ಟಳು. ಎಷ್ಟು ಅಗಲ ಕೊಯ್ಯಬೇಕು, ಉಪ್ಪು ಎಷ್ಟು ಹಿಡಿ. ಬಿಸಿಲಿಲ್ಲ ಅಮ್ಮ ಅಂದ. ಮಳೆಗಾಲದಲ್ಲಿ ಅಜ್ಜಿ ಒಲೆ ಮೇಲಿನ ಹೊಗೆಗೆ ಕಟ್ತಿದ್ಲು, ನಿಂಗೆ ಹೊಗೆ ಇಲ್ಲಾಂದ್ರೆ ಬಿಸಿಗಾಳಿ ಬರೋ ಕಡೆ ಕಟ್ಟು ಅಂದ್ಲು. ಹೀಟರ್ ಮೇಲೆ ದಾರ ಕಟ್ಟಿ ಫೋಟೋ ಕಳಿಸಿದ್ದಾನೆ. ಪಟ್ಟಿ ದಪ್ಪ ಆಯ್ತು, ಒಳಗೆ ಕೆಡುತ್ತೆ, ಇನ್ನೊಂದ್ಸಲ ತೆಳ್ಳಗೆ ಕೊಯ್ಯಿ ಅಂತ ಅಕ್ಕ ಬೈದಿದ್ದಾಳೆ.

ನಿಮ್ಮ ಮನೆ ಹಿರಿಯರಿಗೆ ಕೊಬ್ಬು ಕರಗಿಸಿ ಕೆಡದ ಹಾಗೆ ಇಡೋ ವಿಧಾನ ಗೊತ್ತಿದ್ರೆ ಕೇಳಿ ಬರೆಯಿರಿ. ನಮ್ಮಕ್ಕನಿಗೆ ಅದೊಂದು ಮರೆತುಹೋಗಿದೆ, ಹುಡುಗ ಕೇಳ್ತಿದ್ದಾನೆ.

ಜೈ ಭೀಮ್.