ಕೈಬಿಟ್ಟ ಕರೆಂಟ್ ಹೃದಯಕ್ಕೆ ವಾಪಸ್ ಬಂದ ಕಥೆ

ಹೃದಯದ ಮೇಲಿನ ಕೋಣೆಗಳು ತಾಳತಪ್ಪಿ ನಡುಗೋದೇ ಏಟ್ರಿಯಲ್ ಫಿಬ್ರಿಲೇಷನ್. ಅದರ ಕಿಡಿ ಹೆಚ್ಚಾಗಿ ಶ್ವಾಸಕೋಶದಿಂದ ಬರೋ ರಕ್ತನಾಳಗಳಲ್ಲಿ ಹುಟ್ಟುತ್ತೆ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋ ತಂಡ ತೋರಿಸಿತು. ಆ ನಾಳಗಳ ಸುತ್ತ ಸುಟ್ಟು ಬೇಲಿ ಹಾಕೋದು ರೂಢಿಯಾಯ್ತು. ಆದರೆ ಶಾಖ ಹಿಂದಿರೋ ಅನ್ನನಾಳಕ್ಕೂ ತಗುಲಬಹುದು. ಅಪರೂಪ, ಆದರೂ ಪ್ರಾಣಾಂತಕ.

ಈಗ ನೋಡಿ. 1980ರ ದಶಕದಲ್ಲಿ ಕ್ಯಾಥೆಟರ್‌ನಲ್ಲಿ ಕೊಡ್ತಿದ್ದ ಡಿಸಿ ಶಾಕ್ ಸ್ಫೋಟದಂಥ ಒತ್ತಡ ಎಬ್ಬಿಸ್ತಿತ್ತು, ಅದಕ್ಕೇ ಕೈಬಿಟ್ಟರು. ಅದೇ ವಿದ್ಯುತ್ತು ಮೈಕ್ರೋಸೆಕೆಂಡ್ ಪಲ್ಸ್‌ಗಳಾಗಿ ಮರಳಿತು. ಶಾಖವನ್ನು ನಂಬದೆ ಜೀವಕೋಶದ ಪೊರೆಯಲ್ಲಿ ರಂಧ್ರ ಮಾಡುತ್ತೆ. ಹೃದಯಸ್ನಾಯು ಬೇಗ ಸಾಯುತ್ತೆ, ಅನ್ನನಾಳ ಹೆಚ್ಚು ತಾಳಿಕೊಳ್ಳುತ್ತೆ. 2023ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಇಂಥ ಮೊದಲ ಸಾಧನಕ್ಕೆ ಒಪ್ಪಿಗೆ ಕೊಟ್ಟಿತು.

ಇಂಜಿನಿಯರ್ ಆದ ನನಗೆ ಪಲ್ಸ್ ಟೈಮಿಂಗ್ ಇಷ್ಟ. ಆದರೆ ಆಮೇಲೆ ರೋಗಿಯನ್ನು ಕಾಯೋದು ನರ್ಸ್: ತೊಡೆಸಂದಿಯಲ್ಲಿ ರಕ್ತ ಒಸರ್ತಿದೆಯಾ, ಮಾತು ತೊದಲ್ತಿದೆಯಾ? ಪಲ್ಸ್‌ಗಳು ರಕ್ತಕಣಗಳನ್ನೂ ಒಡೆಯಬಹುದು, ಹಾಗಾಗಿ ಹೊಸ ಪ್ರಶ್ನೆಯೊಂದು ಸೇರಿದೆ: ಮೂತ್ರ ಕೆಂಪಾಗಿದೆಯಾ? ಸಾಧನ ಬದಲಾದಾಗೆಲ್ಲ ಕಾಯೋ ಕಣ್ಣಿಗೆ ಕೆಲಸ ಕಡಿಮೆಯಾಗಲ್ಲ, ನೋಡಬೇಕಾದ್ದು ಬದಲಾಗುತ್ತೆ.