ಎರಡನೇ ಡಿಸ್ಕಿನ ಹಳೆಯ ಲಿನಕ್ಸ್: ಬೂಟ್ ಮರುಸ್ಥಾಪನೆ

ಕಂಪ್ಯೂಟರಿನ ಎರಡನೇ ಡಿಸ್ಕಿನಲ್ಲಿರುವ ಹಳೆಯ ಲಿನಕ್ಸ್ ಬೂಟ್ ಆಗದೆ ಹೋದಾಗ ಅದನ್ನು ಮತ್ತೆ ಚಾಲನೆಗೆ ತರುವ ಕ್ರಮ. ಇಂಥಲ್ಲಿ ಕಡತಗಳು ಸಾಮಾನ್ಯವಾಗಿ ಹಾಗೇ ಇರುತ್ತವೆ. ಕಳಚಿರುವುದು ಬೂಟ್‌ಲೋಡರಿನ ಕೊಂಡಿ ಮಾತ್ರ. ಮೊದಲ ಡಿಸ್ಕಿಗೆ ಹೊಸ ಲಿನಕ್ಸ್ ಹಾಕಿದ ಮೇಲೆ ಅದರ ಗ್ರಬ್ ಮೆನುವಿನಲ್ಲಿ ಹಳೆಯದರ ಹೆಸರೇ ಕಾಣದಿರುವುದುಂಟು. ಬೇರೆ ವ್ಯವಸ್ಥೆಗಳನ್ನು ಹುಡುಕಿಕೊಡುವ ಓಎಸ್-ಪ್ರೋಬರನ್ನು 2021ರ ಗ್ರಬ್ 2.06 ಆವೃತ್ತಿಯಿಂದ ಮೊದಲೇ ಬಂದ್ ಮಾಡಿಟ್ಟಿರುವುದು ಇದಕ್ಕೊಂದು ಕಾರಣ. ಗ್ರಬ್‌ನ ಸೆಟ್ಟಿಂಗ್ಸ್ ಕಡತದಲ್ಲಿ ಅದಕ್ಕೆ ಅನುಮತಿ ಕೊಟ್ಟು, ಡೆಬಿಯನ್ ಬಳಗದಲ್ಲಾದರೆ ಅಪ್‌ಡೇಟ್-ಗ್ರಬ್ ಆಜ್ಞೆ ನಡೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ಅದಕ್ಕೂ ಬಗ್ಗದಿದ್ದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಹಳೆಯ ರೂಟ್ ವಿಭಾಗವನ್ನು ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಕೋಶಗಳನ್ನು ಅದಕ್ಕೆ ಜೋಡಿಸಿ, ಸಿಎಚ್‌ರೂಟ್ ಮೂಲಕ ಒಳಹೊಕ್ಕು ಗ್ರಬ್-ಇನ್‌ಸ್ಟಾಲ್ ನಡೆಸಬೇಕು. ಬಯೋಸ್ ಯಂತ್ರದಲ್ಲಿ ಗ್ರಬ್ಬಿಗೆ ತೋರಿಸಬೇಕಾದದ್ದು ವಿಭಾಗವನ್ನಲ್ಲ, ಇಡೀ ಡಿಸ್ಕನ್ನು: ಎಸ್‌ಡಿಬಿ1 ಅಲ್ಲ, ಎಸ್‌ಡಿಬಿ. ಎಡವುವವರು ಹೆಚ್ಚಾಗಿ ಇಲ್ಲೇ. ಗ್ರಬ್‌ನ ಮೊದಲ ತುಣುಕು ಕೂರುವುದು ಡಿಸ್ಕಿನ 512 ಬೈಟ್‌ಗಳ ಮೊದಲ ಸೆಕ್ಟರಿನಲ್ಲಿ, ಅದರಲ್ಲೂ ಆರಂಭದ 446 ಬೈಟ್‌ಗಳೊಳಗೆ. ಯುಇಎಫ್‌ಐ ಯಂತ್ರದಲ್ಲಿ ಇಎಫ್‌ಐ ವಿಭಾಗವನ್ನೂ ಮೌಂಟ್ ಮಾಡಿರಬೇಕು.

ಡಿಸ್ಕನ್ನು ಬೇರೆ ಪೋರ್ಟಿಗೆ ಸಿಕ್ಕಿಸಿದರೆ ಎಸ್‌ಡಿಬಿ ಎಂಬುದು ಎಸ್‌ಡಿಎ ಆಗಿಬಿಡಬಹುದು. ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಇಂಥ ಹೆಸರುಗಳ ಬದಲು ಯುಯುಐಡಿ ಬರೆಯುವುದೇ ಕ್ಷೇಮ.